ಫ್ರಿಜ್ಜಿನ ಮುಂದಿನ ಮಣೆ

ನಮ್ಮ ಮನೆಯಲ್ಲಿ ನನಗಿಂತ ಬುದ್ಧಿವಂತರಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಕಳೆದ ಮೇ ತಿಂಗಳ ಒಂದು ರವಿವಾರ, ಊಟಕ್ಕೆ ಕೂರುವ ಮೊದಲೇ ಮುಗಿಯಿತು.

ಜನವರಿಯಲ್ಲಿ ದೊಡ್ಡ ಫ್ರಿಜ್ ತಂದಿದ್ದೆವು. ಅಡುಗೆಮನೆಯಲ್ಲಿ ಹಿಡಿಸದೆ ಅದು ಅವ್ವನ ಕೋಣೆಗೆ ಹೋಯಿತು. ಅಲ್ಲಿ ಸಾಕೆಟ್ ಇರಲಿಲ್ಲ. ನನ್ನ ಹೆಂಡತಿ ಮಾಧುರಿಯ ತಂದೆ ರಾಮಲಿಂಗಪ್ಪನವರು ಇಲ್ಲೇ ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೈರ್‌ಮನ್ ಆಗಿದ್ದವರು. "ರವಿವಾರ ಬಂದು ಹಾಕಿಕೊಡ್ತೀನ್ರಿ" ಎಂದು ಫೋನಿನಲ್ಲಿ ಹೇಳಿದರು. ಒಂದು ಸಾಕೆಟ್ಟಿಗೂ ಹೆಂಡತಿಯ ಅಪ್ಪನೇ ಬರಬೇಕೇ ಎಂದು ನನಗೆ ಸಿಟ್ಟು ಬಂತು. ಸ್ವಾರಗೇಟಿನ ಆಫೀಸಿನಲ್ಲಿ ಗುಮಾಸ್ತನಾದ ನಾನು ಎರಡು ವಿಡಿಯೋ ನೋಡಿ, ನಾನೇ ಹಾಕಿದೆ.

ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಒಳಗೆ ಹಸಿರು ವೈರು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗಿನದು, ಒಂದು ಗೇಣು ಕಡಿಮೆ ಬಿತ್ತು. ಮತ್ತೆ ಅಂಗಡಿಗೆ ಹೋಗಲು ಬೇಸರ. ಕೆಂಪು, ಕಪ್ಪು ಎರಡಿದ್ದರೆ ಫ್ರಿಜ್ ಹೇಗೂ ನಡೆಯುತ್ತದೆ. ಹಸಿರು ತುದಿಯನ್ನು ಮಡಚಿ ಒಳಗೆ ತಳ್ಳಿ ಮುಚ್ಚಳ ಬಿಗಿದೆ. ನಮ್ಮ ಅವ್ವ ಸಾವಂತ್ರವ್ವ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಕರೆತಂದು ತೋರಿಸಿದಳು. "ನಮ್ಮ ಚನ್ನವೀರನ ಹಾಕ್ಯಾನ."

ಎಂಟು ದಿನಕ್ಕೆ ನನ್ನ ಹತ್ತಿರ ಬಂದಳು. "ಚನ್ನವೀರಾ, ಫ್ರಿಜ್ ಮುಟ್ಟಿದ್ರ ಕೈ ಜುಮ್ ಅಂತದಪಾ."

"ನಮಗ್ಯಾರಿಗೂ ಆಗಂಗಿಲ್ಲ, ನಿನಗಷ್ಟ ಹೆಂಗ ಆಗ್ತದ? ವಯಸ್ಸಾತು, ನರದ್ದು ಇರಬೇಕು."

ನಾನೂ ಮಾಧುರಿಯೂ ಮನೆಯಲ್ಲೂ ರಬ್ಬರ್ ಚಪ್ಪಲಿ ಮೆಟ್ಟುತ್ತೇವೆ. ಅವ್ವ ಬರಿಗಾಲು. ಕಾರಣ ಅದೇ ಎಂದು ನನಗೆ ಗೊತ್ತಿತ್ತು. ಹೇಳುವಾಗ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಗೊತ್ತಿತ್ತು. ಯಾರೂ ಇಲ್ಲದಾಗ ಫ್ರಿಜ್ಜಿಗೆ ಟೆಸ್ಟರ್ ಹಚ್ಚಿ ನೋಡಿದ್ದೆ, ಅದರ ದೀಪ ಮಿಣುಕಿತ್ತು. ಸಾಕೆಟ್ ಬಿಚ್ಚಿದರೆ ತಪ್ಪು ಒಪ್ಪಿಕೊಂಡ ಹಾಗೆ. ಟೆಸ್ಟರನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿಬಿಟ್ಟೆ.

ಅವ್ವ ಇನ್ನೊಮ್ಮೆ ಹೇಳಿದಾಗ ಮಾಧುರಿಯ ಮುಂದೆಯೇ ನಕ್ಕೆ. "ಕರೆಂಟಿಗೂ ನಿನ್ನ ಗುರ್ತು ಸಿಕ್ಕದ ನೋಡು."

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಊಟಕ್ಕೆ ಕೂರುವ ಕಟ್ಟಿಗೆಯ ಮಣೆಯನ್ನು ತಂದು ಫ್ರಿಜ್ಜಿನ ಮುಂದೆ ಇಟ್ಟುಕೊಂಡಳು. ಹಾಲು ಬೇಕಾದಾಗಲೆಲ್ಲ ಸೀರೆಯ ನಿರಿಗೆ ಎತ್ತಿ ಹಿಡಿದು ಮಣೆ ಹತ್ತುವಳು, ಇಳಿಯುವಳು. ನಾಲ್ಕು ತಿಂಗಳು ನಾನು ಆ ಮಣೆಯನ್ನು ದಾಟಿಕೊಂಡು ಓಡಾಡಿದೆ.

ಆ ರವಿವಾರ ಮಾವ ಊಟಕ್ಕೆ ಬಂದಿದ್ದರು. ಅವ್ವ ಮಜ್ಜಿಗೆ ತೆಗೆಯಲು ಮಣೆ ಹತ್ತಿದ್ದು ಅವರ ಕಣ್ಣಿಗೆ ಬಿತ್ತು.

"ಮಣಿ ಯಾಕ್ರಿ ಬೀಗತ್ಯಾರ?"

ಅವ್ವ ನನ್ನತ್ತ ನೋಡಲಿಲ್ಲ. "ನೆಲ ಭಾಳ ಥಂಡಿ ಇರ್ತದ್ರಿ. ಮಣಕಾಲು ಹಿಡಿತಾವ."

ಮೇ ತಿಂಗಳಲ್ಲಿ, ಪುಣೆಯಲ್ಲಿ. ಫ್ಯಾನು ಕೂಡ ಬಿಸಿಗಾಳಿ ಬೀಸುತ್ತಿತ್ತು.

"ಸಾಕೆಟ್ ನನ್ನ ಮಗನ ಹಾಕ್ಯಾನ್ರಿ," ಎಂದು ಸೇರಿಸಿದಳು. "ಒಂದ್ ದಿನಾನೂ ತಕರಾರು ಇಲ್ಲ."

ಮಾವ ಎದ್ದು ಹೋಗಿ ಮಣೆಯ ಪಕ್ಕ ಬರಿಗಾಲಲ್ಲಿ ನಿಂತರು. ಕೈ ತಿರುಗಿಸಿ ಬೆರಳುಗಳ ಹಿಂಬದಿಯನ್ನು ಫ್ರಿಜ್ಜಿಗೆ ತಾಕಿಸಿದರು. ಅಂಗೈಯಿಂದ ಮುಟ್ಟಿದರೆ ಮುಷ್ಟಿ ಬಿಗಿದು ಕರೆಂಟು ಬಿಡುವುದಿಲ್ಲ ಎಂದು ವೈರ್‌ಮನ್‌ಗಳು ಹಾಗೆ ಮುಟ್ಟುತ್ತಾರೆ. ಕೈ ಸರಕ್ಕನೆ ಹಿಂದೆ ಬಂತು.

"ಅಳಿಯಾರ, ಮೇನ್ ಬಂದ್ ಮಾಡ್ರಿ. ಸ್ಕ್ರೂಡ್ರೈವರ್ ಕೊಡ್ರಿ."

ಮುಚ್ಚಳ ಬಿಚ್ಚಿದರು. ಹಸಿರು ತುದಿ ಹೊರಗೆ ಬಂತು. ಅದು ಕಳಚಿ ಬಿದ್ದದ್ದಲ್ಲ, ಬೇಕೆಂದೇ ಮಡಚಿಟ್ಟದ್ದು. ಮೂವತ್ತು ವರ್ಷ ವೈರು ನೋಡಿದವರಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಏನಾಗೇದಪ್ಪಾ?" ಮಾಧುರಿ ಬಾಗಿಲಿಗೆ ಬಂದು ಕೇಳಿದಳು.

"ಏನಿಲ್ಲವಾ. ಒಂದ್ ಸ್ಕ್ರೂ ಸಡ್ಲಾಗಿತ್ತು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳು ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು. "ಜೋಡಣಿ ಬ್ಯಾಡ. ಪೂರಾ ಹೊಸಾ ಹಸರ ವೈರು ತೊಗೊಂಡ್ ಬರ್ರಿ." ಅಂಗಡಿ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಹೋಗುವಾಗಲೂ ಬರುವಾಗಲೂ ಆ ಐದು ನಿಮಿಷ ನನ್ನನ್ನು ಚುಚ್ಚಿತು.

ಅವರೇ ವೈರು ಎಳೆದು, ಬಿಗಿದು, ಮತ್ತೆ ಮುಟ್ಟಿ ನೋಡಿ, ಊಟ ಮಾಡಿ ಹೋದರು. ಸಂಜೆ ಚಹಾಕ್ಕೆ ಹಾಲು ತೆಗೆಯಲು ಅವ್ವ ಕೋಣೆಗೆ ಹೋದಾಗ ನಾನೂ ಹಿಂದೆಯೇ ಹೋದೆ.

"ಅವ್ವಾ, ಈಗ ಮಣಿ ಬ್ಯಾಡ. ಸರಿ ಆಗೇದ."

"ಹೌದಪಾ," ಎಂದು ನಿರಿಗೆ ಎತ್ತಿ ಮಣೆ ಹತ್ತಿದಳು.

"ಖರೇನ ಸರಿ ಆಗೇದವ್ವಾ. ಏನೂ ಆಗಂಗಿಲ್ಲ."

"ಅವತ್ತೂ ಹಂಗ ಅಂದಿದ್ದಿ."

ಸಿಟ್ಟಿನಿಂದ ಅಂದದ್ದಲ್ಲ. ಹಾಲಿನ ಪಾಕೀಟು ಹುಡುಕುತ್ತ, ಇದ್ದದ್ದನ್ನು ಇದ್ದ ಹಾಗೆ ಅಂದಳು. ನಾನು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನೆಲದ ಮೇಲೆ ನಿಂತು, ಅಂಗೈಯನ್ನು ಪೂರ್ತಿ ಫ್ರಿಜ್ಜಿಗೆ ಒತ್ತಿ ಹಿಡಿದೆ.

ಅವ್ವ ಗಾಬರಿಯಾಗಿ ನನ್ನ ಮಣಿಕಟ್ಟು ಹಿಡಿದು ಎಳೆದಳು.

"ಕೈ ತಗಿ, ಜುಮ್ ಅಂದೀತು. ಬಾ, ಮಣಿ ಮ್ಯಾಲ ನಿಂದರು."

ಹಾಗೆಂದು ಒಂದು ಬದಿಗೆ ಸರಿದು, ಆ ಚಿಕ್ಕ ಮಣೆಯ ಮೇಲೆ ನನಗೆ ಜಾಗ ಮಾಡಿಕೊಟ್ಟಳು.