ಟ್ರಾನ್ಸ್‌ಫಾರ್ಮರ್ ಇಲ್ಲದ ಪೆಟ್ಟಿಗೆ

"ಇನ್ನೊಂದು ಎಲ್ಲಿ?" ಎಂದು ಕಾಯಿಲ್ ಮೇಷ್ಟ್ರು ಕೇಳಿದರು. ಅಳಿಯ ಕಟ್ಟಿದ ಆಂಪ್ಲಿಫೈಯರಿನ ಹಿಂದೆ ಮಂಡಿಯೂರಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ಅದರ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು.

"ಯಾವುದು ಮಾವ?"

"ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಕರೆಂಟಿಗೆ ಒಂದು ಹಾಕಿದೀರಿ, ಅದು ಹಿಂದೆಂದೋ ನಾನೇ ಸುತ್ತಿದ್ದು, ದಾರ ಕಟ್ಟಿರೋದು ನೋಡಿದ್ರೇ ಗೊತ್ತಾಗುತ್ತೆ. ಈ ಗಾಜಿನ ವಾಲ್ವಿಗೂ ಸ್ಪೀಕರಿಗೂ ಮಧ್ಯೆ ಇರಬೇಕಾದ್ದು ಎಲ್ಲಿ?"

"ಅದಿಲ್ಲ. ಅದಿಲ್ಲದೇ ನಡೆಯೋ ಥರ ಕಟ್ಟಿದೀನಿ," ಎಂದ ಅಳಿಯ, ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಬದುಕಿಡೀ ಟ್ರಾನ್ಸ್‌ಫಾರ್ಮರ್ ಸುತ್ತಿದವರು. ಅಂಗಡಿಗೆ ಬಂದವರನ್ನು ತಾಮ್ರದ ತಂತಿ ಸುತ್ತಿದ ಕಾಯಿಲಿನ ಬಗ್ಗೆ ಒಂದು ಪಾಠ ಮಾಡದೆ ಕಳಿಸುತ್ತಿರಲಿಲ್ಲವಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಕೈ ನಡುಗಲು ಶುರುವಾದ ಮೇಲೆ ಅಂಗಡಿಗೆ ಬೀಗ ಬಿತ್ತು. ಇಲ್ಲೇ ಇದ್ದುಬಿಡಿ ಎಂದು ಮಗಳು ಕರೆದಾಗ, ನಾಲ್ಕು ದಿನ ನೋಡೋಣ ಎಂದು ಒಂದು ಚೀಲವನ್ನೂ ತಮ್ಮ ಸ್ಪೀಕರನ್ನೂ ಹಿಡಿದು ಬಂದಿದ್ದರು. ಯಾರಿಗೂ ಬೇಡವಾದ ಸಾಮಾನಾಗಿ ಒಂದು ಮನೆಯ ಮೂಲೆ ಸೇರುವುದು ಅವರಿಗೆ ಬೇಕಿರಲಿಲ್ಲ. ಔಷಧಿ ಅಂಗಡಿಯ ಅಳಿಯ ಬಿಡುವಿನಲ್ಲಿ ಕಟ್ಟಿದ ಈ ಪೆಟ್ಟಿಗೆ, ನೀನಿಲ್ಲದೆಯೂ ನಡೆಯುತ್ತದೆ ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಿತ್ತು.

"ವಾಲ್ವು ಕೆಟ್ಟರೆ? ಟ್ರಾನ್ಸ್‌ಫಾರ್ಮರ್ ಇದ್ದರೆ ಸ್ಪೀಕರನ್ನ ಕಾಯುತ್ತೆ. ಇಲ್ಲಿ ನೇರವಾಗಿ ಸುಟ್ಟು ಹೋಗುತ್ತೆ."

"ಹೌದು ಮಾವ. ಅದಕ್ಕೆ ಫ್ಯೂಸ್ ಹಾಕಿದೀನಿ. ಆದರೂ ಭಯ ಇದ್ದೇ ಇದೆ."

"ಬಿಸಿ?"

"ಆ ವಿಷಯ ನನ್ನ ಕೇಳಿ," ಎಂದಳು ಬಟ್ಟೆ ಮಡಚುತ್ತಿದ್ದ ಮಗಳು. "ಎಂಟು ವಾಲ್ವು. ಬೇಸಿಗೇಲಿ ಹಚ್ಚಿದರೆ ಈ ಕೋಣೇಲಿ ಕೂತವರು ಬೆಂದು ಹೋಗ್ತಾರೆ. ಒದ್ದೆ ಬಟ್ಟೆ ಒಣಗಿಸೋಕೆ ಮಾತ್ರ ಬಹಳ ಅನುಕೂಲ."

ಅಷ್ಟರಲ್ಲಿ ಯಾರೋ ಮಗುವಿಗೆ ಜ್ವರದ ಔಷಧಿ ಬೇಕೆಂದು ಕೂಗಿದರು. ಅಳಿಯ ಕೆಳಗೆ ಅಂಗಡಿ ತೆರೆಯಲು ಹೋದ. ಹೋಗುವಾಗ, ಈ ಹದಿನಾರು ಓಮಿನ ಹಳೆಯ ಸ್ಪೀಕರನ್ನು ಬಿಟ್ಟು ಬೇರೆಯದನ್ನು ಜೋಡಿಸಬೇಡಿ ಎಂದು ಹೇಳಿಯೇ ಹೋದ. ಮೇಷ್ಟ್ರು ಕೇಳುವ ಆಸಾಮಿಯೇ? ತಾವು ತಂದಿದ್ದ ನಾಲ್ಕು ಓಮಿನ ಸ್ಪೀಕರಿಗೆ ಹೇಗೋ ತಂತಿ ಸಿಕ್ಕಿಸಿ, ಮಗಳಿಂದ ಸ್ವಿಚ್ ಹಾಕಿಸಿದರು. ವಾಲ್ವುಗಳು ಕೆಂಪಾದವು. ಹಾಡು ಬಂತು. ತಂಬೂರಿ ಸೊರಗಿತ್ತು, ಹಾಡುಗಾರ್ತಿಗೆ ನೆಗಡಿ ಹಿಡಿದಂತಿತ್ತು.

"ನೋಡಿದೆಯಾ? ಇದಕ್ಕೇ ಟ್ರಾನ್ಸ್‌ಫಾರ್ಮರ್ ಬೇಕು ಅನ್ನೋದು. ಯಾವ ಸ್ಪೀಕರ್ ಕೊಟ್ಟರೂ ಅದು ಹೊಂದಿಸಿಕೊಂಡು ಹೋಗುತ್ತೆ."

ಗೆದ್ದಿದ್ದರು. ಗೆದ್ದದ್ದು ರುಚಿಸಲಿಲ್ಲ. ಮಗಳು ಎದ್ದು ಬಂದು ಸ್ವಿಚ್ ಆರಿಸಿದಳು.

"ಅಪ್ಪಾ, ಎರಡು ವರ್ಷದ ಹಿಂದೆ ಇವರು ನಿಮ್ಮ ಅಂಗಡಿಗೆ ಬಂದಿದ್ರು, ನೆನಪಿದೆಯಾ?"

"ಬಂದಿದ್ರು. ಕಾಫಿ ಕುಡಿದು ಹೋದರು."

"ಕಾಫಿ ಕುಡಿಯೋಕೆ ಅಷ್ಟು ದೂರ ಬರ್ತಾರಾ? ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊಂಡು ಬರ್ತೀನಿ ಅಂತ ಹೋದವರು. ಲೋಟ ಕೊಡೋವಾಗ ನಿಮ್ಮ ಕೈ ನಡುಗೋದು ನೋಡಿದ್ರಂತೆ. ಬಾಯಿ ಬಿಡದೆ ವಾಪಸ್ ಬಂದ್ರು. ಪೇಟೇಲಿ ಸಿದ್ಧವಾಗಿ ಸಿಗುತ್ತಲ್ಲ ಅಂದೆ. ಮಾವ ಇರೋವಾಗ ಇನ್ನೊಬ್ಬರು ಸುತ್ತಿದ್ದು ತಂದು ಮನೇಲಿಟ್ಟರೆ ಅವರ ಮುಖ ಹೇಗೆ ನೋಡಲಿ ಅಂದರು. ಆಮೇಲೆ ಅದಿಲ್ಲದೇ ನಡೆಯೋದನ್ನ ಹುಡುಕಿ ಕಟ್ಟಿದರು. ಬಿಸಿ, ಕರೆಂಟು, ಭಯ, ಎಲ್ಲ ಅದಕ್ಕೇ."

ಮೇಷ್ಟ್ರು ತಮ್ಮ ಸ್ಪೀಕರಿನ ತಂತಿ ಬಿಡಿಸಿ ಹಳೆಯದನ್ನು ಮೊದಲಿನಂತೆ ಜೋಡಿಸಲು ಹೋದರು. ಬೆರಳು ಕೇಳಲಿಲ್ಲ, ಮಗಳು ಜೋಡಿಸಿದಳು. ಮತ್ತೆ ಅದೇ ಹಾಡು. ಈ ಸಲ ಆ ಹೆಂಗಸು ಉಸಿರೆಳೆದುಕೊಂಡದ್ದೂ, ತುಟಿ ಬಿಡಿಸಿದ್ದೂ ಕೇಳಿತು. ನಡುವೆ ಏನೂ ಅಡ್ಡ ಇರಲಿಲ್ಲ. ಚೆನ್ನಾಗಿತ್ತು. ತಾವು ಸುತ್ತಿದ ಎಷ್ಟೋ ಟ್ರಾನ್ಸ್‌ಫಾರ್ಮರ್‌ಗಳಿಗಿಂತ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ಅವರಿಗೆ ಕಷ್ಟವಾಗಲಿಲ್ಲ. ತಮ್ಮ ಜಾಗವನ್ನು ಎರಡು ವರ್ಷ ಖಾಲಿ ಇಟ್ಟು ಕಾದವನೊಬ್ಬ ಈ ಮನೆಯಲ್ಲಿದ್ದಾನಲ್ಲ ಎಂದುಕೊಂಡಾಗ ಕಣ್ಣು ತುಂಬಿತು. ಯಾವ ಪುಣ್ಯಕ್ಕೆ ಇಂಥ ಅಳಿಯ ಸಿಕ್ಕಿದನೋ ಎಂದು ಮಗಳ ಮುಂದೆಯೇ ಅಂದುಬಿಟ್ಟರು. ಪುಣ್ಯ ನನ್ನದು, ನೀವು ಹುಡುಕಿದ ಗಂಡು ಬೇರೆಯವನಿದ್ದ ಎಂದು ಅವಳು ನಕ್ಕಳು.

ಅಳಿಯ ಮೇಲೆ ಬಂದವನು ತಂತಿ ಬಿಚ್ಚಿಟ್ಟಿದ್ದ ಮಾವನ ಸ್ಪೀಕರನ್ನೂ ಅವರ ಮುಖವನ್ನೂ ನೋಡಿದ.

"ನಾಳೆ ರಜೆ ತಾನೇ? ನನ್ನ ಅಂಗಡಿಯಿಂದ ಸುತ್ತೋ ಯಂತ್ರ, ತಂತಿ ಎಲ್ಲ ಇಲ್ಲಿಗೇ ತಂದುಬಿಡಿ," ಎಂದರು ಮೇಷ್ಟ್ರು.

"ಇದಕ್ಕೆ ಟ್ರಾನ್ಸ್‌ಫಾರ್ಮರ್ ಬೇಡ ಮಾವ..."

"ಇದನ್ನ ಯಾರು ಮುಟ್ಟುತ್ತಾರೆ? ಇದು ಹೀಗೇ ಇರಲಿ. ಬೇಸಿಗೆಗೆ ಟ್ರಾನ್ಸ್‌ಫಾರ್ಮರ್ ಹಾಕಿ ಎರಡೇ ವಾಲ್ವಿನದು ಇನ್ನೊಂದು ಕಟ್ಟೋಣ, ನನ್ನ ಮಗಳು ಬೇಯೋದು ಬೇಡ. ನನ್ನ ಕೈ ನಡುಗುತ್ತೆ, ಬಾಯಿ ನಡುಗಲ್ಲ. ನಾನು ಹೇಳ್ತೀನಿ, ನೀವು ಸುತ್ತಿ."

ಮರುದಿನ ಊಟದ ಮೇಜಿನ ಮೇಲೆ ಯಂತ್ರ ಕೂತಿತು. ಅಳಿಯ ಹಿಡಿಕೆ ತಿರುಗಿಸುತ್ತಿದ್ದ, ಮೇಷ್ಟ್ರು ಪಕ್ಕದಲ್ಲಿ ಕೂತು ಸುತ್ತುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದರು. ಎಣಿಕೆ ತಪ್ಪಬಾರದೆಂದು ಮಗಳು ಹಾಡು ನಿಲ್ಲಿಸಿದ್ದಳು. ಒಂದು ಕಡೆ ತಂತಿ ಸಡಿಲವಾಯಿತು. ಮೇಷ್ಟ್ರು ಎಣಿಸುವುದನ್ನು ಬಿಡದೆ ಕೈ ಚಾಚಿ ಅಳಿಯನ ಮಣಿಕಟ್ಟನ್ನು ಹಿಡಿದರು. ತಂತಿ ಬಿಗಿಯಾಯಿತು. ಮೇಷ್ಟ್ರು ಕೈ ತೆಗೆಯಲಿಲ್ಲ.