ದಾಳಿಂಬೆ ಬಣ್ಣದ ಸೀರೆ

ಹೊನ್ನಾಳಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಧರ್ಮಪ್ಪನಿಗೆ ನ್ಯಾಮತಿಯಿಂದ ಸಂಧ್ಯಾರಾಣಿ ಫೋನ್ ಮಾಡಿದಳು. ಅವಳು ಹೈಸ್ಕೂಲಿನಲ್ಲಿ ಅವನಿಗೆ ಡ್ರಾಯಿಂಗ್ ಕಲಿಸಿದ್ದ ನಾಗೇಂದ್ರಪ್ಪ ಮೇಷ್ಟ್ರ ಮಗಳು. ಮೇಷ್ಟ್ರು ತೀರಿಕೊಂಡು ವರ್ಷವಾಗಿತ್ತು. ಅವರ ಪುಸ್ತಕಗಳನ್ನು ಶಾಲೆಗೆ ಕೊಡುತ್ತಿದ್ದೇನೆ, ಅದಕ್ಕೂ ಮುಂಚೆ ಬಂದು ನಿಮಗೆ ಬೇಕಾದ್ದು ತೆಗೆದುಕೊಳ್ಳಿ ಎಂದಳು.

ಧರ್ಮಪ್ಪನಿಗೆ ಬೇಕಾಗಿದ್ದುದು ಒಂದೇ ಪುಸ್ತಕ. ಹಳೆಯ ಕಾಲದ ಚಿತ್ರಕಾರರ ಬಗೆಗಿನ ದಪ್ಪ ಪುಸ್ತಕ, ಪ್ರತಿ ಚಿತ್ರದ ಮೇಲೂ ತೆಳ್ಳನೆಯ ಬೆಣ್ಣೆಕಾಗದ. ಶನಿವಾರ ಶಾಲೆ ಬಿಟ್ಟ ಮೇಲೆ, ಆಸೆಯಿದ್ದ ಹುಡುಗರು ಉಳಿದರೆ, ಮೇಷ್ಟ್ರು ಒಂದು ಪುಟ ತೆರೆದು ಮಾತಾಡುತ್ತಿದ್ದರು. ಅದರಲ್ಲೊಂದು ಚಿತ್ರ ಅವನ ಕಣ್ಣಿಗೆ ಕಟ್ಟಿದಂತಿತ್ತು. ಹೊಳೆಯ ಮೆಟ್ಟಿಲ ಮೇಲೆ ಮಗುವಿಗೆ ನೀರೆರೆಯುವ ತಾಯಿ, ಅವಳ ದಾಳಿಂಬೆ ಬಣ್ಣದ ಸೀರೆ. ಹೊನ್ನಾಳಿ, ಚನ್ನಗಿರಿಯ ಜವಳಿ ಅಂಗಡಿಗಳ ಬೋರ್ಡಿನಲ್ಲಿ ಅವನು ಬರೆದ ಹೆಂಗಸರೆಲ್ಲ ಆ ಸೀರೆಯನ್ನೇ ಉಟ್ಟಿದ್ದರು. ಈಗ ಫ್ಲೆಕ್ಸ್ ಬಂದು ಆ ಬೋರ್ಡುಗಳೆಲ್ಲ ಇಳಿದುಹೋಗಿದ್ದವು.

ನ್ಯಾಮತಿಯಲ್ಲಿ ಸಂಧ್ಯಾರಾಣಿ ಪುಸ್ತಕವನ್ನು ಅವನ ಮುಂದಿಟ್ಟು ಚಹಾ ತರಲು ಒಳಗೆ ಹೋದಳು. ಧರ್ಮಪ್ಪ ಪಂಚೆಗೆ ಕೈ ಒರೆಸಿಕೊಂಡು ಬೆಣ್ಣೆಕಾಗದ ಎತ್ತಿದ. ತಾಯಿ ಇದ್ದಳು, ಮಗು ಇತ್ತು. ಬಣ್ಣವಿರಲಿಲ್ಲ. ಮುಂದಿನ ಪುಟ ನೋಡಿದ, ಅದರ ಮುಂದಿನದನ್ನೂ ನೋಡಿದ. ಪುಸ್ತಕವೆಲ್ಲ ಕಪ್ಪು ಬಿಳುಪು.

ಅವಳು ಬಂದಾಗ, ಇಂಥದ್ದೇ ಇನ್ನೊಂದು ಪುಸ್ತಕವಿತ್ತೇ ಎಂದು ಕೇಳಿದ.

"ಇದೊಂದೇ ಇದ್ದಿದ್ದು. ಯಾಕಣ್ಣ?"

"ಈ ಸೀರೆ ಕೆಂಪಗಿತ್ತು ತಂಗಿ. ದಾಳಿಂಬೆ ಒಡೆದಂಗೆ. ನೀರಲ್ಲೂ ಅದರ ನೆರಳು ಬಿದ್ದಿತ್ತು."

ಸಂಧ್ಯಾರಾಣಿ ಚಿತ್ರವನ್ನು ನೋಡುತ್ತ ಕೂತಳು. ಅಪ್ಪ ಮೈಸೂರಿನಲ್ಲಿ ಓದುವಾಗ ಈ ಚಿತ್ರಗಳ ಅಸಲನ್ನು ನೋಡಿದ್ದರಂತೆ, ಅಷ್ಟು ಮಾತ್ರ ನನಗೆ ಗೊತ್ತು ಎಂದಳು. ಹಾಗಾದರೆ ಬಣ್ಣವನ್ನೆಲ್ಲ ಮೇಷ್ಟ್ರು ಬಾಯಿಮಾತಿನಲ್ಲೇ ಹೇಳಿದ್ದರೆಂದು ಧರ್ಮಪ್ಪನಿಗೆ ಹೊಳೆಯಿತು.

"ಮನೇಲಿ ಅಪ್ಪ ಮಾತೇ ಆಡ್ತಿರಲಿಲ್ಲ," ಎಂದಳು ಅವಳು. "ಉಂಡ್ರಾ ಅಂದ್ರೆ ಹೂಂ ಅನ್ನೋರು, ಅಷ್ಟೇ. ಈ ಪುಸ್ತಕ ತಗದು ನಮಗೇನೂ ಹೇಳಿಲ್ಲ. ನಿಮಗೆ ಹೆಂಗೆ ಹೇಳ್ತಿದ್ರು?"

ಧರ್ಮಪ್ಪ ಮೊದಲ ಪುಟಕ್ಕೆ ತಿರುಗಿಸಿ ಹೇಳತೊಡಗಿದ. ಆನೆಯ ಬೆನ್ನಿಗೆ ಹೊದಿಸಿದ ಜೂಲು ಹಸಿರು, ಅಂಚು ಚಿನ್ನದ್ದು. ಮುದುಕನ ಶಾಲು ಒಣಗಿದ ಅಡಿಕೆಸಿಪ್ಪೆಯ ಬಣ್ಣ. ಮೇಷ್ಟ್ರು ಹಾಗೆಯೇ, ಊರಲ್ಲಿ ಕಾಣುವ ವಸ್ತುವಿನಿಂದಲೇ ಬಣ್ಣ ತೋರಿಸುತ್ತಿದ್ದರು. ಹೇಳುತ್ತ ಹೇಳುತ್ತ ಅವನ ಕೈಯೂ ಮೇಷ್ಟ್ರ ಕೈಯಂತೆ ಗಾಳಿಯಲ್ಲಿ ತೇಲಿತು. ಅದನ್ನು ಕಂಡು ಸಂಧ್ಯಾರಾಣಿ ನಕ್ಕಳು. ಸೆರಗಿನಿಂದ ಕಣ್ಣೂ ಒರೆಸಿಕೊಂಡಳು. ಚಹಾ ತಣ್ಣಗಾಯಿತು.

ಹೊರಡುವಾಗ ಅವನು ಪುಸ್ತಕವನ್ನು ಅವಳ ಕೈಗೇ ಕೊಟ್ಟು, ಇದು ಶಾಲೆಗೂ ಬೇಡ, ನನಗೂ ಬೇಡ, ನಿಮ್ಮ ಹತ್ತಿರ ಇರಲಿ ಎಂದ. ತಾನು ಶಿಲ್ಪದ ಒಂದು ಸಣ್ಣ ಪುಸ್ತಕ ಇಟ್ಟುಕೊಂಡ. ಉಳಿದ ಪುಟಗಳನ್ನು ಹೇಳಲು ಮತ್ತೆ ಬರಬೇಕೆಂದು ಅವಳು ಮಾತು ತೆಗೆದುಕೊಂಡಳು.

ಮುಂದಿನ ಭಾನುವಾರ ಹೆಂಡತಿ ಶಂಕ್ರಮ್ಮನನ್ನೂ ಕರೆದುಕೊಂಡು ಹೋದ. ಕೊನೆಕೊನೆಯ ಪುಟಗಳು ಅವನಿಗೆ ನೆನಪಿರಲಿಲ್ಲ. ಒಂದು ಮನೆಯ ಚಿತ್ರ ಬಂದಾಗ ಪುಸ್ತಕವನ್ನು ಸಂಧ್ಯಾರಾಣಿಯತ್ತ ಸರಿಸಿದ. ಅವಳು ಸ್ವಲ್ಪ ಹೊತ್ತು ನೋಡಿ, ಈ ಗೋಡೆ ಅರಿಶಿನದ ಬಣ್ಣ ಇದ್ದಿರಬೇಕು ಎಂದಳು. ಧರ್ಮಪ್ಪ ಹೌದೆಂದು ತಲೆಯಾಡಿಸಿ ಮುಂದಿನ ಬೆಣ್ಣೆಕಾಗದ ಎತ್ತಿದ.