ಟ್ಯಾನರಿ ಲೇನ್ ಮೈದಾನದ ಕಾಗದ

ಎನಿಡ್ ಗಾರ್ಬಟ್ ಹುಡುಕುತ್ತಿದ್ದುದು ಒಬ್ಬ ಗೋಲ್‌ಕೀಪರನ ಹೆಸರನ್ನು, ಅಷ್ಟೇ. 1991ರಲ್ಲಿ ಬೆರಳು ಮುರಿದುಕೊಂಡೂ ಆಟ ಮುಗಿಯುವ ತನಕ ಗೋಲು ಕಾದವನು. ಮಾರ್ಸ್‌ಬಿ ಟೌನ್ ಫುಟ್‌ಬಾಲ್ ಕ್ಲಬ್ಬಿಗೆ ನೂರು ವರ್ಷ ತುಂಬುವುದರಲ್ಲಿತ್ತು. ದೊಡ್ಡ ಲೀಗುಗಳ ಹೊಸಿಲನ್ನು ಒಮ್ಮೆಯೂ ತುಳಿಯದ ಆ ಪುಟ್ಟ ಊರಿನ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸವನ್ನು ಎಲ್ಲರೂ ಸೇರಿ ಅವಳ ತಲೆಗೆ ಕಟ್ಟಿದ್ದರು. ಎಪ್ಪತ್ತೊಂದರ ಎನಿಡ್ ಮೂವತ್ತೆಂಟು ವರ್ಷ ಆಟಗಾರರ ಕೆಸರಂಗಿ ಒಗೆದವಳು, ವಿರಾಮದಲ್ಲಿ ಚಹಾ ಬಗ್ಗಿಸಿಕೊಟ್ಟವಳು. ಗಂಡ ವಾಲ್ಟರ್ ಸಾಯುವ ತನಕ ಕ್ಲಬ್ಬಿನ ಕಾರ್ಯದರ್ಶಿ. ಅವನು ಹೋಗಿ ಆರು ವರ್ಷವಾಗಿತ್ತು.

ಮಂಗಳವಾರ ಬೆಳಿಗ್ಗೆ ಅವನ ನಡಾವಳಿ ಪುಸ್ತಕ ಮಗುಚುತ್ತಿದ್ದಾಗ ಮಡಚಿದ ಎರಡು ಕಾಗದಗಳು ಜಾರಿಬಿದ್ದವು. ಒಂದು ವಾಲ್ಟರ್ ಬರೆದದ್ದರ ನಕಲು: ನಿಮ್ಮ ಟ್ಯಾನರಿ ಲೇನ್ ಜಾಗದಲ್ಲಿ ನಮ್ಮ ಪಂದ್ಯಗಳನ್ನು ಆಡಿಕೊಂಡು ಹೋಗಲು ದಯವಿಟ್ಟು ಒಪ್ಪಿಗೆ ಕೊಡಿ. ಇನ್ನೊಂದು ಮಾಲೀಕರ ಉತ್ತರ, ಒಂದೇ ಸಾಲು: ನಾವು ಬೇಡವೆನ್ನುವ ತನಕ ಆಡಿಕೊಳ್ಳಬಹುದು.

ಎನಿಡ್ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು.

ಅದೇ ವಾರ ಊರಿನ ಸಭಾಭವನದಲ್ಲಿ ಮೈದಾನದ ವಿಚಾರಣೆ ನಡೆಯುತ್ತಿತ್ತು. ಕ್ಲಬ್ಬಿಗೆ ಅದು ಮೂರನೆಯ ಮೈದಾನ. ಮೊದಲನೆಯದು ನದಿಯ ಪಕ್ಕದ ಹುಲ್ಲುಗಾವಲು. ಅಲ್ಲಿ ಆಟಕ್ಕೆ ಮುಂಚೆ ದನ ಅಟ್ಟಬೇಕಿತ್ತು. ಎರಡನೆಯದನ್ನು ರೈಲಿನವರು ನುಂಗಿದರು. 1921ರಲ್ಲಿ, ಯುದ್ಧದಿಂದ ಮರಳಿದ ಗಂಡಸರು ಚರ್ಮ ಹದಮಾಡುವ ಕಾರ್ಖಾನೆಯ ಬೂದಿಯನ್ನು ಕೈಗಾಡಿಯಲ್ಲಿ ತಂದು ಸುರಿದು ಟ್ಯಾನರಿ ಲೇನನ್ನು ಸಮ ಮಾಡಿದರು. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿದ್ದರೂ ಯಾರೂ ಕ್ಲಬ್ಬನ್ನು ಎಬ್ಬಿಸಿರಲಿಲ್ಲ. ಈಗ ಮಾಲೀಕರ ಮೊಮ್ಮಕ್ಕಳು ಆ ಜಾಗವನ್ನು ಮನೆ ಕಟ್ಟುವವರಿಗೆ ಮಾರಹೊರಟಿದ್ದರು. ಉಳಿದಿದ್ದ ದಾರಿ ಒಂದೇ. ಊರಿನ ಜನ ಇಪ್ಪತ್ತು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ ಆ ಜಾಗ ಬಳಸಿದ್ದಾರೆಂದು ತೋರಿಸಿಕೊಟ್ಟರೆ ಅಲ್ಲಿ ಕಟ್ಟಡ ಏಳುವಂತಿಲ್ಲ. ಅಪ್ಪಣೆ ಕೇಳಿದ್ದರೆ ಎಲ್ಲ ಮುಗಿಯಿತು.

ಬುಧವಾರ ಎನಿಡ್‌ಳ ಸಾಕ್ಷಿ.

ಅವಳು ಕ್ಲಬ್ಬಿನ ಅಧ್ಯಕ್ಷ ಕ್ಲೈವ್ ರಡ್ಕಿನ್‌ಗೆ ಫೋನು ಮಾಡಿದಳು. ಮಾಂಸದಂಗಡಿಯ ಏಪ್ರನ್ನಿನಲ್ಲೇ ಓಡಿಬಂದ ಅವನು ನಿಂತಲ್ಲೇ ಕಾಗದ ಓದಿದ.

"ಇದನ್ನ ಬೇರೆ ಯಾರು ನೋಡಿದಾರೆ?"

"ಯಾರೂ ಇಲ್ಲ. ನಾನೇ ಈಗ ನೋಡಿದ್ದು."

"ಮಾಲೀಕರ ಹತ್ರ ಇದರ ಪ್ರತಿ ಇಲ್ಲ, ಎನಿಡ್. ಇದ್ದಿದ್ರೆ ಸೋಮವಾರ ನಾನು ಸಾಕ್ಷಿ ಹೇಳುವಾಗ ನನ್ನ ಮುಖಕ್ಕೇ ಹಿಡೀತಿದ್ರು." ಅವನ ಕಣ್ಣು ಒಲೆಯ ಕಡೆ ಹೋಯಿತು. "ನಾನು ಅಲ್ಲಿ ನಿಂತ್ಕೊಂಡು, ಯಾರನ್ನೂ ಕೇಳಿಲ್ಲ ಅಂತ ಹೇಳಿ ಬಂದಿದೀನಿ."

"ನಿಂಗೆ ಗೊತ್ತಿರಲಿಲ್ಲವಲ್ಲ. ಅದು ಸುಳ್ಳಾಗಲ್ಲ."

"ನಾಳೆ ಸುಳ್ಳಾಗತ್ತೆ. ಊರೆಲ್ಲ ನನ್ನನ್ನ ಸುಳ್ಳ ಅನ್ನತ್ತೆ." ಅವನು ದನಿ ತಗ್ಗಿಸಿದ. "ಕೇಳಿ, ನಿಮ್ಮ ಕೈಯಲ್ಲಿ ಆಗ್ದಿದ್ರೆ ನಂಗೆ ಕೊಡಿ. ನಾನೇ ಒಲೆಗೆ ಹಾಕ್ತೀನಿ."

ಎನಿಡ್ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡಳು. "ವಾಲ್ಟರ್ ಬರೆದದ್ದು ಇದು. ಏನು ಮಾಡಬೇಕು ಅಂತ ನಾನೇ ನೋಡ್ಕೋತೀನಿ."

"ಅವರು ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ. ಅಷ್ಟು ಸಾಕು," ಎಂದು ಅವನು ಹೊರಟ.

ದಿನವಿಡೀ ಅವಳು ಸತ್ತ ಗಂಡನ ಮೇಲೆ ಉರಿದಳು. ನಲವತ್ತು ವರ್ಷ ಒಂದೇ ಮೇಜಿನಲ್ಲಿ ಉಂಡವನು ಈ ಮಾತೊಂದನ್ನು ಬಾಯಿಬಿಟ್ಟಿರಲಿಲ್ಲ. ಎಲ್ಲಿ ಎಬ್ಬಿಸಿಬಿಡುತ್ತಾರೋ ಎಂದು ಒಬ್ಬನೇ ಹೆದರಿ, ಒಬ್ಬನೇ ಬರೆದು, ಒಬ್ಬನೇ ಮಡಚಿಟ್ಟಿದ್ದ.

ಬುಧವಾರ ಸಭಾಭವನದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಮೊದಲ ಸಾಲಿನಲ್ಲಿ ಕ್ಲೈವ್. ಎತ್ತರದ ಮೇಜಿನ ಹಿಂದೆ ವಿಚಾರಣಾಧಿಕಾರಿಣಿ. ತಲೆ ತಗ್ಗಿಸಿ ಬರೆಯುವುದೇ ಅವಳ ಕೆಲಸವೇನೋ ಎನ್ನುವಂತಿದ್ದಳು. ಎನಿಡ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಕಾಗದ ಅದರೊಳಗಿತ್ತು. ಏಕೆ ತಂದೆನೆಂದು ಅವಳಿಗೇ ತಿಳಿದಿರಲಿಲ್ಲ.

ಮನೆ ಕಟ್ಟುವವರ ವಕೀಲ ಲಾಸ್ಲೆಟ್ ಮೆಲುದನಿಯ ಮನುಷ್ಯ. ಬೇಲಿ ಇತ್ತೇ, ಗೇಟಿಗೆ ಬೀಗ ಹಾಕುತ್ತಿದ್ದರೇ ಎಂದು ಒಂದೊಂದಾಗಿ ಕೇಳಿದ. ಎಲ್ಲಕ್ಕೂ ಅವಳು ಸಲೀಸಾಗಿ ಉತ್ತರಿಸಿದಳು. ಅವನು ತನ್ನ ಹಾಳೆಗಳನ್ನು ಜೋಡಿಸತೊಡಗಿದಾಗ ಮೊದಲ ಸಾಲಿನಲ್ಲಿ ಕ್ಲೈವನ ಹೆಗಲು ಸಡಿಲವಾದದ್ದು ಅವಳಿಗೆ ಕಾಣಿಸಿತು.

"ಎಲ್ಲರನ್ನೂ ಕೇಳಿದ್ದನ್ನೇ ನಿಮ್ಮನ್ನೂ ಕೇಳಿಬಿಡ್ತೀನಿ, ಮಿಸೆಸ್ ಗಾರ್ಬಟ್," ಎಂದ ಲಾಸ್ಲೆಟ್, ಹಾಳೆಯಿಂದ ಕಣ್ಣೆತ್ತದೆ. "ಕ್ಲಬ್ಬಿನವರು ಯಾವತ್ತಾದ್ರೂ ಮಾಲೀಕರ ಅಪ್ಪಣೆ ಕೇಳಿದ್ದುಂಟಾ?"

ಇಲ್ಲ ಎಂದರೆ ಮುಗಿಯಿತು, ಅವನು ಕೂತುಬಿಡುತ್ತಿದ್ದ. ಕ್ಲೈವ್ ಅವಳನ್ನೇ ನೋಡುತ್ತಿದ್ದ. ಎನಿಡ್ ತೊಡೆಯ ಮೇಲಿನ ಕೈಚೀಲ ನೋಡಿದಳು. ಬರೆಯುತ್ತಿದ್ದ ಪೆನ್ನು ನಿಂತಿತು. ಅಧಿಕಾರಿಣಿ ತಲೆ ಎತ್ತಿದಳು.

"ಮಿಸೆಸ್ ಗಾರ್ಬಟ್?"

"ಕೇಳಿದ್ರು," ಎಂದಳು ಎನಿಡ್. "ನನ್ನ ಗಂಡ ಕೇಳಿದ್ದ. ನಂಗೆ ಗೊತ್ತಾಗಿದ್ದು ನಿನ್ನೆ. ಅದಕ್ಕೆ ಮುಂಚೆ ಯಾರಿಗೂ ಗೊತ್ತಿರಲಿಲ್ಲ, ಕ್ಲೈವ್‌ಗೂ ಗೊತ್ತಿರಲಿಲ್ಲ."

ಅವಳು ಚೀಲದ ಕೊಂಡಿ ಬಿಚ್ಚಿದಳು. ಕಾಗದ ಹೊರಬಂತು. ಹಿಂದಿನಿಂದ ಯಾರೋ, "ಅಯ್ಯೋ, ಮುದುಕಿ ನಮ್ಮನ್ನ ಮುಳುಗಿಸಿದಳಪ್ಪ," ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಲಾಸ್ಲೆಟ್ ಕಾಗದವನ್ನು ಎರಡು ಸಲ ಓದಿದ. ಈಗ ಅವನ ದನಿಯಲ್ಲಿ ಚುರುಕು ಬಂದಿತ್ತು. "ಅಂದರೆ ಆ ಜಾಗದಲ್ಲಿ ಕಾಲಿಟ್ಟವರೆಲ್ಲ ಮಾಲೀಕರ ಅಪ್ಪಣೆಯಿಂದಲೇ ಇಟ್ಟರು. ಅಲ್ವಾ?"

"ಅಲ್ಲ."

"ಇಲ್ಲಿ ಬರೆದಿದೆಯಲ್ಲ."

"ಅಲ್ಲಿ ಬರೆದಿರೋದು ಪಂದ್ಯದ ವಿಷಯ. ಸುಣ್ಣದ ಗೆರೆಯೊಳಗಿನ ಮಾತು." ಅವಳಿಗೆ ಈಗ ಹೆದರಿಕೆ ಇರಲಿಲ್ಲ, ಕಳೆದುಕೊಳ್ಳುವುದೆಲ್ಲ ಆಗಲೇ ಹೋಗಿತ್ತು. "ಕೆಳಗಿನ ಇಳಿಜಾರು ಪಂದ್ಯದ ಜಾಗ ಅಲ್ಲ. ಅಲ್ಲಿ ಹಿಮ ಬಿದ್ದಾಗ ಮಕ್ಕಳು ಟ್ರೇ ಮೇಲೆ ಕೂತು ಜಾರ್ತಿದ್ರು. ನವೆಂಬರ್ ಹಬ್ಬಕ್ಕೆ ಬೆಂಕಿ ಹಾಕ್ತಿದ್ವಿ. ಎರಡು ಮುಳ್ಳುಮರಕ್ಕೆ ಹಗ್ಗ ಕಟ್ಟಿ ನಾನೇ ಅಂಗಿ ಒಣಗಿಸ್ತಿದ್ದೆ. ನಾಯಿ ಬಿಡೋರು ಯಾರಾದ್ರೂ ಅಪ್ಪಣೆ ಕೇಳ್ತಾರಾ, ಸ್ವಾಮಿ? ಆ ಇಳಿಜಾರಿಗೆ ವಾಲ್ಟರೂ ಕೇಳಲಿಲ್ಲ."

ಅಧಿಕಾರಿಣಿ ಅದನ್ನು ಬರೆದುಕೊಂಡಳು, ನಿಧಾನವಾಗಿ.

ಎನಿಡ್ ಹೊರಬಂದಾಗ ಜನ ದಾರಿ ಬಿಟ್ಟರು. ಆಮೇಲೆ ರೊಟ್ಟಿ ಅಂಗಡಿಯಲ್ಲಿ ಬೆನ್ನು ತಿರುಗಿಸಿದರು. ಶನಿವಾರ ಅವಳು ಮೈದಾನದ ಚಹಾ ಗುಡಿಸಲಿಗೆ ಹೋದಾಗ ಬೇರೊಬ್ಬಳು ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕ್ಲೈವನ ಅಂಗಡಿಗೆ ಅವಳು ಹೋಗಲೇ ಇಲ್ಲ; ಬಸ್ಸು ಹತ್ತಿ ಪಕ್ಕದೂರಿನಿಂದ ಮಾಂಸ ತಂದಳು. ಪುಸ್ತಕ ಅರ್ಧಕ್ಕೆ ನಿಂತಿತು.

ತೀರ್ಪು ಬಂದದ್ದು ನಾಲ್ಕು ತಿಂಗಳ ಮೇಲೆ. ಆಟದ ಅಂಕಣ, ಅದರ ಪಕ್ಕದ ಗ್ಯಾಲರಿ, ಎರಡೂ ಹೋದವು; ಕಾಗದವೇ ಅವನ್ನು ಕೊಂದಿತು. ಕೆಳಗಿನ ಇಳಿಜಾರು ಮಾತ್ರ ಎಂದೆಂದಿಗೂ ಊರಿನ ಜನರದು. ಅದಕ್ಕೆ ಅಧಿಕಾರಿಣಿ ಕೊಟ್ಟ ಕಾರಣ ಎರಡೇ ಸಾಲು: ತನ್ನವರಿಗೇ ನಷ್ಟವಾಗುವ ಸತ್ಯವನ್ನು ತಾನಾಗಿ ಮುಂದಿಟ್ಟ ಸಾಕ್ಷಿ, ಇಳಿಜಾರಿನ ಬಗ್ಗೆ ಹೇಳಿದ್ದನ್ನು ನಂಬದಿರಲು ನನಗೆ ಕಾರಣ ಕಾಣುವುದಿಲ್ಲ.

ಜೂನಿನಲ್ಲಿ ಗ್ಯಾಲರಿ ಬಿಚ್ಚಿದರು. ಒಂದು ವರ್ಷ ಕ್ಲಬ್ಬು ಹಗೆಯ ಊರಿನ ಮೈದಾನದಲ್ಲಿ, ಅವರ ಹಂಗಿನಲ್ಲಿ ಆಡಿತು. ಆಮೇಲೆ ಎರಡು ಮೆಟ್ಟಿಲು ಕೆಳಗಿನ ಲೀಗಿಗೆ ಇಳಿದು, ಇಳಿಜಾರನ್ನು ಆದಷ್ಟು ತಟ್ಟಿ ಸರಿಮಾಡಿ, ಸುತ್ತ ಹಗ್ಗ ಕಟ್ಟಿ ಅಲ್ಲಿಗೆ ಬಂತು. ಕೂರಲು ಒಂದು ಬೆಂಚೂ ಇರಲಿಲ್ಲ. ಒಂದು ಮೂಲೆ ಇನ್ನೊಂದಕ್ಕಿಂತ ಮೊಳಕಾಲುದ್ದ ತಗ್ಗಿತ್ತು.

ಮೊದಲ ಪಂದ್ಯದ ದಿನ ಎನಿಡ್ ಹಗ್ಗದಿಂದ ದೂರ, ಒಬ್ಬಳೇ ನಿಂತಿದ್ದಳು. ವಿರಾಮದಲ್ಲಿ ಕ್ಲೈವ್ ಅವಳ ಬಳಿ ಬಂದು ನಿಂತ. ಇಬ್ಬರೂ ಅಂಕಣದ ಕಡೆಗೇ ನೋಡುತ್ತಿದ್ದರು.

"ಅವತ್ತು ನಂಗೆ ಕೊಟ್ಟಿದ್ರೆ ನಾನು ಸುಟ್ಟೇಬಿಡ್ತಿದ್ದೆ," ಎಂದ.

"ಗೊತ್ತು."

"ಇವತ್ತು ಸಿಕ್ಕಿದ್ರೂ ಸುಡ್ತೀನಿ. ಗ್ಯಾಲರಿಗೆ ನಮ್ಮಪ್ಪನೂ ಮೊಳೆ ಹೊಡೆದಿದ್ದ."

"ಅದೂ ಗೊತ್ತು, ಕ್ಲೈವ್."

ಆಟಗಾರರು ಮರಳಿ ಇಳಿಯುತ್ತಿದ್ದರು.

"ಆ ಹೊಸಬಳು ಒಗೆದ್ರೆ ಅಂಗಿ ಎಲ್ಲ ಕುಗ್ಗಿಹೋಗ್ತಿದೆ," ಎಂದ ಕ್ಲೈವ್. "ನಮ್ಮ ಗೋಲ್‌ಕೀಪರನ ಹೊಟ್ಟೆ ನೋಡಿ."

ಎನಿಡ್ ನೋಡಿದಳು. "ಬಿಸಿನೀರಿಗೆ ಹಾಕ್ತಾಳೆ, ಅದಕ್ಕೇ. ಆಟ ಮುಗಿದ ಮೇಲೆ ಅಂಗಿ ಚೀಲ ನಮ್ಮನೆ ಬಾಗಿಲಲ್ಲಿ ಇಟ್ಟು ಹೋಗು."